ಗೆದ್ದರೆ ಫೀಸು, ಸೋತರೆ ಇಲ್ಲ

ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್ ಪ್ರಾಂತದಲ್ಲಿ ಸ್ಯಾಮ್ಯುಅಲ್ ಸ್ವಿನ್‌ಫೆನ್ ಎಂಬ ಜಮೀನ್ದಾರನಿದ್ದ. 1854ರಲ್ಲಿ ಅವನ ಮಗ ತಂದೆಗಿಂತ ಮೊದಲೇ ತೀರಿಕೊಂಡ. ಮುದುಕ ತನ್ನ ಆಸ್ತಿಯನ್ನು ವಿಧವೆ ಸೊಸೆ ಪೇಷನ್ಸ್ ಹೆಸರಿಗೆ ಉಯಿಲು ಬರೆದ. ಸ್ವಲ್ಪ ಕಾಲದಲ್ಲೇ ತಾನೂ ಕಣ್ಣು ಮುಚ್ಚಿದ. ಇಂಥ ಕಡೆ ದಾಯಾದಿ ಹಾಜರಾಗುವುದು ಎಲ್ಲ ದೇಶಗಳಲ್ಲೂ ಇರುವ ಪದ್ಧತಿಯೇ. ಉಯಿಲು ಬರೆಯುವಾಗ ಮುದುಕನಿಗೆ ಬುದ್ಧಿ ಸ್ವಾಧೀನದಲ್ಲಿರಲಿಲ್ಲವೆಂದು ಕ್ಯಾಪ್ಟನ್ ಫ್ರೆಡರಿಕ್ ಸ್ವಿನ್‌ಫೆನ್ ಎಂಬ ಬಂಧು ತಕರಾರು ತೆಗೆದ.

ಪೇಷನ್ಸ್ ಪರವಾಗಿ ನಿಂತವರು ಆ ಕಾಲದ ಅತಿ ದೊಡ್ಡ ವಕೀಲರಲ್ಲಿ ಒಬ್ಬರಾದ ಸರ್ ಫ್ರೆಡರಿಕ್ ಥೆಸಿಜರ್. 1856ರಲ್ಲಿ ವಿಚಾರಣೆ ನಡೆಯುತ್ತಿದ್ದಾಗಲೇ ಅವರು ಕಕ್ಷಿದಾರಳ ಒಪ್ಪಿಗೆಯಿಲ್ಲದೆ ಎದುರಾಳಿಯೊಂದಿಗೆ ರಾಜಿ ಮಾಡಿಕೊಂಡುಬಿಟ್ಟರು. ಆಸ್ತಿ ಅವನಿಗೆ, ವರ್ಷಾಶನ ಈಕೆಗೆ. ಹೆಂಗಸು ರಾಜಿಯನ್ನು ಒಪ್ಪಲಿಲ್ಲ, ಮನೆಯನ್ನೂ ಬಿಡಲಿಲ್ಲ. ಆದರೆ ಕೈಯಲ್ಲಿ ಕಾಸಿರಲಿಲ್ಲ. ಆಗ ಆಕೆಯ ಬೆನ್ನಿಗೆ ನಿಂತವನು ಬರ್ಮಿಂಗ್‌ಹ್ಯಾಮಿನ ಬ್ಯಾರಿಸ್ಟರ್ ಚಾರ್ಲ್ಸ್ ರಾನ್ ಕೆನಡಿ. ಗ್ರೀಕ್ ವಾಗ್ಮಿ ಡೆಮಾಸ್ತನೀಸನ ಭಾಷಣಗಳನ್ನು ಇಂಗ್ಲಿಷಿಗೆ ತಂದ ವಿದ್ವಾಂಸನೂ ಹೌದು. ಅವನು ಉಳಿದ ಕೆಲಸಗಳನ್ನು ಬದಿಗಿಟ್ಟು ಈ ಒಂದೇ ಮೊಕದ್ದಮೆಯ ಹಿಂದೆ ಬಿದ್ದ. ಗೆದ್ದರೆ 20,000 ಪೌಂಡ್ ಕೊಡುವುದಾಗಿ ಪೇಷನ್ಸ್ ಮಾತು ಕೊಟ್ಟಳು. ಅಂದಿನ ಲೆಕ್ಕಕ್ಕೆ ಅದು ಸಾಮಾನ್ಯ ಮೊತ್ತವಲ್ಲ.

ರಾಜಿ ಊರ್ಜಿತವಾಗಲಿಲ್ಲ. 1858ರಲ್ಲಿ ಸ್ಟಾಫರ್ಡಿನಲ್ಲಿ ಹೊಸದಾಗಿ ವಿಚಾರಣೆ ನಡೆದು ಪೇಷನ್ಸ್ ಗೆದ್ದಳು. ಅದೇ ವರ್ಷ ಥೆಸಿಜರ್ ಸಾಹೇಬರು ಇಂಗ್ಲೆಂಡಿನ ಲಾರ್ಡ್ ಛಾನ್ಸಲರ್ ಆಗಿ ನ್ಯಾಯಾಂಗದ ಅತ್ಯುನ್ನತ ಪೀಠ ಏರಿದರು ಎಂಬುದು ಬೇರೆ ಮಾತು. 1861ರಲ್ಲಿ ಪೇಷನ್ಸ್ ಬ್ರೌನ್ ಎಂಬುವನನ್ನು ಮದುವೆಯಾದಳು. ಮದುವೆಯಾದ ಮೇಲೆ ವಕೀಲನ ಹಣದ ಮಾತೇ ಇಲ್ಲ. ಕೆನಡಿ ದಂಪತಿಗಳ ಮೇಲೆ ದಾವೆ ಹೂಡಿದ. ಜ್ಯೂರಿಯವರು ಇಡೀ 20,000 ಪೌಂಡ್ ಅವನಿಗೆ ಸಲ್ಲಬೇಕೆಂದರು. ಆದರೆ 1863ರಲ್ಲಿ ಮೇಲಿನ ನ್ಯಾಯಪೀಠ ಅದನ್ನು ತಳ್ಳಿಹಾಕಿತು. ಹಣದ ಮಾತು ನಡೆದಿತ್ತೋ ಇಲ್ಲವೋ ಎಂಬುದು ಅಲ್ಲಿ ಮುಖ್ಯವಾಗಲೇ ಇಲ್ಲ. ಬ್ಯಾರಿಸ್ಟರನಾದವನು ತನ್ನ ವಕೀಲಿ ಕೆಲಸಕ್ಕೆ ಕಕ್ಷಿದಾರನೊಡನೆ ಹಣದ ಕರಾರು ಮಾಡಿಕೊಳ್ಳುವುದಕ್ಕೇ ಬರುವುದಿಲ್ಲ. ಆದ್ದರಿಂದ ವಸೂಲಿಗೆ ದಾವೆಯೂ ಇಲ್ಲ ಎಂದು ಮುಖ್ಯ ನ್ಯಾಯಮೂರ್ತಿ ಅರ್ಲ್ ತೀರ್ಪಿತ್ತರು. ಆಸ್ತಿಯಲ್ಲಿ ಹಕ್ಕು ಕೊಟ್ಟು ಪೇಷನ್ಸ್ ಬರೆದಿದ್ದ ಪತ್ರವೂ ಇನ್ನೊಂದು ನ್ಯಾಯಾಲಯದಲ್ಲಿ ರದ್ದಾಯಿತು.

ಈ ಕಥೆಯನ್ನು ಇಷ್ಟು ಉದ್ದಕ್ಕೆ ಹೇಳಲು ಕಾರಣವಿದೆ. ‘ಗೆದ್ದರಷ್ಟೇ ಫೀಸು ಕೊಡಿ, ಸೋತರೆ ಬೇಡ’ ಎಂದು ವಕೀಲರ ಸಂಸ್ಥೆಗಳು ಟೆಲಿವಿಷನ್ನಿನಲ್ಲೂ ಬಸ್ಸುಗಳ ಬೆನ್ನಿನ ಮೇಲೂ ಖಾತರಿ ಕೊಡುವುದು ಇಂದು ಅಮೆರಿಕದಲ್ಲಿ, ಇಂಗ್ಲೆಂಡಿನಲ್ಲಿ ಮಾಮೂಲು ದೃಶ್ಯ. ನಮ್ಮಲ್ಲಿ ಮಾತ್ರ ಹಾಗೆ ಹೇಳಿದ ವಕೀಲನ ಸನ್ನದು ಹೋಗುವ ಸಂಭವವುಂಟು. ಒಂದೇ ಕಾನೂನಿನ ಬೇರಿನಿಂದ ಹುಟ್ಟಿದ ಮೂರು ದೇಶಗಳು ಹೀಗೆ ಬೇರೆ ಬೇರೆ ದಾರಿ ಹಿಡಿದದ್ದು ಹೇಗೆ?

ವಕೀಲಿ ಎಂದರೆ ವ್ಯಾಪಾರವಲ್ಲ ಎಂಬ ಕಲ್ಪನೆಯ ಮೂಲ ಪ್ರಾಚೀನ ರೋಮಿನಲ್ಲಿದೆ. ಕ್ರಿಸ್ತಪೂರ್ವ 204ರ ಸಿನ್ಸಿಯನ್ ಕಾಯಿದೆಯ ಪ್ರಕಾರ ಇನ್ನೊಬ್ಬರ ಪರ ವಾದಿಸುವವನು ಹಣವನ್ನಾಗಲಿ ಕಾಣಿಕೆಯನ್ನಾಗಲಿ ತೆಗೆದುಕೊಳ್ಳುವಂತಿರಲಿಲ್ಲ. ವಾದಿಸುವುದು ಗಣ್ಯನಾದವನ ಉಪಕಾರ, ಕೂಲಿಯಲ್ಲ. ಕಾಯಿದೆ ಪುಸ್ತಕದಲ್ಲಿತ್ತು, ಹಣ ಕೈ ಬದಲಾಯಿಸುತ್ತಲೇ ಇತ್ತು. ಕ್ಲಾಡಿಯಸ್ ಚಕ್ರವರ್ತಿಯ ಕಾಲದಲ್ಲಿ ಸೇಮಿಯಸ್ ಎಂಬ ರೋಮನ್ ಶ್ರೀಮಂತ ಸುಯ್ಲಿಯಸ್ ಎಂಬ ವಕೀಲನಿಗೆ 4 ಲಕ್ಷ ಸೆಸ್ಟರ್ಸ್ ಕೊಟ್ಟ. ಆಮೇಲೆ ವಕೀಲ ಎದುರಾಳಿಯೊಂದಿಗೆ ಶಾಮೀಲಾಗಿದ್ದಾನೆಂದು ತಿಳಿದಾಗ ಅವನ ಮನೆಗೇ ಹೋಗಿ ತನ್ನ ಕತ್ತಿಯ ಮೇಲೆ ತಾನೇ ಬಿದ್ದು ಸತ್ತ. ಇತಿಹಾಸಕಾರ ಟ್ಯಾಸಿಟಸ್ ಇದನ್ನು ದಾಖಲಿಸಿದ್ದಾನೆ. ಗುಲ್ಲೆದ್ದಿತು. ಕೊನೆಗೆ ಕ್ಲಾಡಿಯಸ್ ಫೀಸನ್ನು ನಿಷೇಧಿಸುವ ಬದಲು 10,000 ಸೆಸ್ಟರ್ಸಿನ ಮಿತಿ ಹಾಕಿದ. ಆದರೆ ವ್ಯಾಜ್ಯದಲ್ಲಿ ಬಂದದ್ದರಲ್ಲಿ ಇಂತಿಷ್ಟು ಪಾಲು ಎಂಬ ಒಪ್ಪಂದವನ್ನು ರೋಮನ್ ಕಾನೂನು ಮಾನ್ಯ ಮಾಡಲಿಲ್ಲ.

ಈ ಗೌರವಧನದ ಸಂಪ್ರದಾಯವನ್ನೇ ಇಂಗ್ಲೆಂಡಿನ ಬ್ಯಾರಿಸ್ಟರುಗಳು ಮುಂದುವರಿಸಿದರು. ಅವರ ಕಪ್ಪು ಗೌನಿನ ಹಿಂಬದಿಯಲ್ಲಿ ಒಂದು ಪುಟ್ಟ ಚೀಲದಂಥದು ನೇತಾಡುತ್ತದೆ. ವಕೀಲ ನೋಡದಂತೆ ಹಿಂದಿನಿಂದ ಬಂದು ಕಕ್ಷಿದಾರ ಅದರಲ್ಲಿ ನಾಣ್ಯ ಹಾಕುತ್ತಿದ್ದನಂತೆ! ಕೇಳಲು ಸೊಗಸಾದ ಕಥೆ. ಅದು ಶೋಕಾಚರಣೆಯ ಟೋಪಿಯೊಂದರ ಅವಶೇಷವಷ್ಟೇ ಎಂದು ತಿಳಿದವರ ಅಭಿಪ್ರಾಯ. ಏನೇ ಇರಲಿ, ಕೆನಡಿಯನ್ನು ಮುಳುಗಿಸಿದ್ದು ಈ ಸಂಪ್ರದಾಯವೇ.

ಇದರ ಜತೆಗೆ ಇಂಗ್ಲೆಂಡಿನಲ್ಲಿ ಇನ್ನೊಂದು ನಿಷೇಧವೂ ಇತ್ತು. ಅದರ ಹೆಸರು ಚಾಂಪರ್ಟಿ. ಹೊಲದ ಪಾಲು ಎಂಬರ್ಥದ ಹಳೆಯ ಮಾತಿನಿಂದ ಬಂದದ್ದು. ನಮ್ಮಲ್ಲಿ ಕೋರಿಗೆ, ವಾರಕ್ಕೆ ಜಮೀನು ಕೊಟ್ಟು ಫಸಲಿನಲ್ಲಿ ಪಾಲು ಪಡೆಯುವುದಿಲ್ಲವೇ, ಹಾಗೆ ವ್ಯಾಜ್ಯವನ್ನೇ ವಾರಕ್ಕೆ ಕೊಡುವುದು. ಮಧ್ಯಯುಗದಲ್ಲಿ ಜಮೀನಿನ ಮೇಲೆ ಹಕ್ಕಿದೆಯೆನ್ನುವ ಬಡಪಾಯಿ ಒಬ್ಬ ಬಲಾಢ್ಯನ ಬಳಿಗೆ ಹೋಗುತ್ತಿದ್ದ. ‘ಗೆದ್ದರೆ ಅರ್ಧ ನಿನಗೆ’ ಎನ್ನುತ್ತಿದ್ದ. ಬಲಾಢ್ಯನ ಹಣ, ಆಳುಕಾಳು, ಆಸ್ಥಾನದ ಪ್ರಭಾವ ಎಲ್ಲವೂ ಆ ಮೊಕದ್ದಮೆಯ ಬೆನ್ನಿಗೆ ನಿಲ್ಲುತ್ತಿದ್ದವು. ಜ್ಯೂರಿಯವರಿಗೆ ಬೆದರಿಕೆ, ಸಾಕ್ಷಿಗಳಿಗೆ ಲಂಚ. ನ್ಯಾಯ ಯಾರ ಕಡೆಗಿದೆ ಎಂಬುದಕ್ಕಿಂತ ಯಾರ ಹಿಂದೆ ಯಾರಿದ್ದಾರೆ ಎಂಬುದೇ ಪ್ರಶ್ನೆಯಾಗುತ್ತಿತ್ತು. 1275ರ ವೆಸ್ಟ್‌ಮಿನ್‌ಸ್ಟರ್ ಶಾಸನ ಅರಸನ ಅಧಿಕಾರಿಗಳು ಹೀಗೆ ಪಾಲಿನ ಆಸೆಗೆ ವ್ಯಾಜ್ಯ ನಡೆಸುವುದನ್ನು ನಿಷೇಧಿಸಿತು. ಮುಂದೆ ಈ ನಿಷೇಧ ಎಲ್ಲರಿಗೂ ವಿಸ್ತರಿಸಿತು. ಪಾಳೆಯಗಾರರ ಕಾಲ ಮುಗಿದ ಮೇಲೂ ನಿಷೇಧ ಮಾತ್ರ ನೂರಾರು ವರ್ಷ ಉಳಿಯಿತು. ಚಾಂಪರ್ಟಿ ಅಪರಾಧವೆನಿಸುವುದು ಇಂಗ್ಲೆಂಡಿನಲ್ಲಿ ತಪ್ಪಿದ್ದು 1967ರಲ್ಲಿ.

ಅಮೆರಿಕದವರು ಈ ಮಡಿವಂತಿಕೆಯನ್ನು ಬಹು ಬೇಗ ಕಳಚಿದರು. 1848ರಲ್ಲಿ ನ್ಯೂಯಾರ್ಕಿನ ಹೊಸ ಸಂಹಿತೆ ವಕೀಲರ ಫೀಸನ್ನು ವಕೀಲ ಮತ್ತು ಕಕ್ಷಿದಾರರ ಒಪ್ಪಂದಕ್ಕೇ ಬಿಟ್ಟಿತು. 1853ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಇಂಥ ಪಾಲಿನ ಕರಾರೊಂದನ್ನು ಎತ್ತಿಹಿಡಿಯಿತು. ಆಮೇಲೆ ರೈಲು ಬಂತು, ಕಾರ್ಖಾನೆಗಳು ಬಂದವು. ಹಳಿಗಳ ನಡುವೆ ಕಾಲು ಕಳೆದುಕೊಂಡ ಕೂಲಿ, ಯಂತ್ರಕ್ಕೆ ಕೈ ಕೊಟ್ಟ ಐರಿಷ್ ಅಥವಾ ಇಟಾಲಿಯನ್ ವಲಸೆಗಾರ ದೊಡ್ಡ ರೈಲು ಕಂಪನಿಯ ವಿರುದ್ಧ ಕೋರ್ಟಿಗೆ ಹೋಗಲು ಮುಂಗಡ ಫೀಸು ತರುವುದೆಲ್ಲಿಂದ? ‘ಪರಿಹಾರ ಬಂದರೆ ಮೂರರಲ್ಲೊಂದು ಪಾಲು ನನಗೆ, ಬರದಿದ್ದರೆ ಏನೂ ಬೇಡ’ ಎನ್ನುವ ವಕೀಲ ಅವನಿಗೆ ದೇವರಂತೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ರೈಲು ಕಂಪನಿಗಳ ವಕೀಲರಿಗೆ ಮಾತ್ರ ಇವರು ಆಂಬುಲೆನ್ಸ್ ಹಿಂದೆ ಓಡುವವರು. ಈ ಬೈಗುಳದಲ್ಲಿ ವೃತ್ತಿಗೌರವದ ಕಾಳಜಿ ಎಷ್ಟಿತ್ತೋ, ತಮ್ಮ ಶ್ರೀಮಂತ ಕಕ್ಷಿದಾರರ ಗಂಟು ಕಾಯುವ ಕಾಳಜಿಯೂ ಅಷ್ಟೇ ಇತ್ತೆಂದು ನನಗನ್ನಿಸುತ್ತದೆ. 1908ರಲ್ಲಿ ಅಮೆರಿಕನ್ ಬಾರ್ ಅಸೋಸಿಯೇಷನ್ ತನ್ನ ನೀತಿಸಂಹಿತೆಯಲ್ಲಿ, ನ್ಯಾಯಾಲಯದ ಮೇಲ್ವಿಚಾರಣೆ ಇರಬೇಕೆಂಬ ಷರತ್ತಿನೊಡನೆ, ಈ ಪದ್ಧತಿಯನ್ನು ಒಪ್ಪಿಕೊಂಡಿತು. ಕೊನೆಯದಾಗಿ 1965ರಲ್ಲಿ ಮೇಯ್ನ್ ರಾಜ್ಯವೂ ಒಪ್ಪಿತು. ಕ್ರಿಮಿನಲ್ ಮೊಕದ್ದಮೆ ಮತ್ತು ವಿಚ್ಛೇದನದ ವ್ಯಾಜ್ಯಗಳಲ್ಲಿ ಮಾತ್ರ ಅಲ್ಲೂ ನಿಷಿದ್ಧ. ಗಂಡ ಹೆಂಡತಿ ರಾಜಿಯಾದರೆ ವಕೀಲನಿಗೆ ನಷ್ಟ ಎಂಬ ಸ್ಥಿತಿ ಯಾರಿಗೂ ಬೇಡವಷ್ಟೆ.

ಇಲ್ಲೊಂದು ಸೂಕ್ಷ್ಮವಿದೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಸೋತವನು ಗೆದ್ದವನ ಖರ್ಚು ಕೊಡಬೇಕಾಗಿಲ್ಲ. ಅವರವರ ವಕೀಲರ ಫೀಸು ಅವರವರಿಗೆ. ಆದ್ದರಿಂದ ‘ಸೋತರೆ ಫೀಸಿಲ್ಲ’ ಎಂದರೆ ಅಲ್ಲಿ ಬಹುಮಟ್ಟಿಗೆ ಅಷ್ಟೇ ಅರ್ಥ. ಇಂಗ್ಲೆಂಡಿನಲ್ಲಿ ಸೋತವನು ಎದುರಾಳಿಯ ಖರ್ಚನ್ನೂ ತೆರಬೇಕು. ನಿಮ್ಮ ವಕೀಲ ಫೀಸು ಬಿಟ್ಟರೂ ಎದುರು ವಕೀಲನ ಫೀಸು ನಿಮ್ಮ ಕೊರಳಿಗೆ ಬೀಳುತ್ತದೆ. ಮನೆ ಮಾರಬೇಕಾದೀತು. ಕೋರ್ಟಿಗೆ ಹೋದವರಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ನಮ್ಮ ಗಾದೆ ಇಂಗ್ಲಿಷರಿಗೆ ಚೆನ್ನಾಗಿ ಒಪ್ಪುತ್ತದೆ.

ಹಾಗಿದ್ದೂ ಇಂಗ್ಲೆಂಡ್ ಈ ಪದ್ಧತಿಗೆ ಬಾಗಿಲು ತೆರೆಯಿತು. ಉದಾರತೆಯಿಂದ ಎನ್ನುವುದಕ್ಕಿಂತ ಬೊಕ್ಕಸ ಉಳಿಸಲು ಎಂದರೆ ಹೆಚ್ಚು ಸರಿ. ಸರ್ಕಾರಿ ಕಾನೂನು ನೆರವಿನ ವೆಚ್ಚ ಏರುತ್ತಲೇ ಇತ್ತು. 1990ರ ಕಾಯಿದೆಯಲ್ಲಿ ಅವಕಾಶ ಮಾಡಿ 1995ರಲ್ಲಿ ಅದನ್ನು ಜಾರಿಗೆ ತಂದರು. ಅಮೆರಿಕದಂತೆ ಪರಿಹಾರದಲ್ಲಿ ಪಾಲು ಕೊಡಲಿಲ್ಲ. ಗೆದ್ದರೆ ಮಾಮೂಲು ಫೀಸು, ಅದರ ಮೇಲೆ ಗೆಲುವಿನ ಹೆಚ್ಚುವರಿ. ಸೋತರೆ ಏನೂ ಇಲ್ಲ. ಹೆಚ್ಚುವರಿ ಎಷ್ಟೇ ಆದರೂ ಮಾಮೂಲು ಫೀಸಿನ ನೂರಕ್ಕೆ ನೂರನ್ನು ಮೀರುವಂತಿಲ್ಲ.

ಈ ಲೆಕ್ಕ ಎಲ್ಲಿಂದ ಬಂತೆಂದು ನೋಡಿದರೆ ಖಾತರಿಯ ಗುಟ್ಟು ಬಯಲಾಗುತ್ತದೆ. ಒಬ್ಬ ವಕೀಲ ತಲಾ 1,000 ಪೌಂಡ್ ಕೆಲಸದ 10 ಮೊಕದ್ದಮೆ ಹಿಡಿದನೆನ್ನಿ. 5 ಗೆದ್ದು 5 ಸೋತರೆ ಅವನ ಶ್ರಮ 10,000 ಪೌಂಡಿನದು, ಬರುವುದು 5,000. ಗೆದ್ದ ಐದರಲ್ಲಿ ಎರಡರಷ್ಟು ಪಡೆದರೆ ಮಾತ್ರ ಸರಿದೂಗುತ್ತದೆ. ಹತ್ತರಲ್ಲಿ ಎಂಟು ಗೆಲ್ಲುವ ವಕೀಲನಾದರೆ ನೂರಕ್ಕೆ 25 ಹೆಚ್ಚುವರಿ ಸಾಕು. ಅಂದರೆ ಸೋತವರ ಫೀಸನ್ನು ವಕೀಲ ಬಿಟ್ಟುಕೊಡುತ್ತಿಲ್ಲ. ಗೆದ್ದವರಿಂದ ವಸೂಲು ಮಾಡುತ್ತಿದ್ದಾನೆ. ಊರಿನ ಚೀಟಿ ವ್ಯವಹಾರದಂತೆ ಇದು ಒಬ್ಬರ ನಷ್ಟವನ್ನು ಹಲವರು ಹಂಚಿಕೊಳ್ಳುವ ಏರ್ಪಾಡು. ಚೀಟಿ ನಡೆಸುವವನು ಮಾತ್ರ ವಕೀಲ. ಸೋಲುವ ಸಂಭವವಿರುವ ಮೊಕದ್ದಮೆಯನ್ನು ಅವನು ಮುಟ್ಟುವುದೇ ಇಲ್ಲ ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಬೇಕು. ಖಾತರಿ ಸಿಗುವುದು ಗೆಲ್ಲುವಂತಿರುವವನಿಗೆ. ಎದುರಾಳಿಯ ಖರ್ಚಿನ ಭಯಕ್ಕೆ ಪ್ರತ್ಯೇಕ ವಿಮೆ ಬಂತು. ಅದಕ್ಕೆ ಕಂತು ಕಟ್ಟಬೇಕು.

1999ರ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಹೆಚ್ಚುವರಿಯನ್ನೂ ವಿಮೆಯ ಕಂತನ್ನೂ ಸೋತ ಎದುರಾಳಿಯೇ ಕೊಡಬೇಕೆಂದಿತು. ಗೆದ್ದವನಿಗೆ ಒಂದು ಪೆನ್ನಿಯೂ ಖರ್ಚಿಲ್ಲವೆಂದ ಮೇಲೆ ವಕೀಲ ಎಷ್ಟು ಹಾಕುತ್ತಾನೆಂದು ಅವನು ಯಾಕೆ ನೋಡಿಯಾನು? ಖರ್ಚು ಏರಿತು. ಬೀದಿಯಲ್ಲಿ ಜನರನ್ನು ಹಿಡಿದು ‘ನಿಮಗೆ ಎಲ್ಲಾದರೂ ಪೆಟ್ಟಾಗಿದೆಯೇ’ ಎಂದು ಕೇಳುವ ಮಧ್ಯವರ್ತಿ ಕಂಪನಿಗಳು ಹುಟ್ಟಿದವು. ಅಂಥ ದೊಡ್ಡ ಕಂಪನಿಗಳಾದ ಕ್ಲೇಮ್ಸ್ ಡೈರೆಕ್ಟ್ 2002ರಲ್ಲಿ, ಆಕ್ಸಿಡೆಂಟ್ ಗ್ರೂಪ್ 2003ರಲ್ಲಿ ಕುಸಿದುಬಿದ್ದವು. ಎರಡನೆಯದರ ನೌಕರರಿಗೆ ಕೆಲಸ ಹೋದ ಸುದ್ದಿ ತಿಳಿದದ್ದು ಮೊಬೈಲ್ ಸಂದೇಶದಿಂದ. ಕೊನೆಗೆ 2013ರ ಏಪ್ರಿಲ್‌ನಿಂದ ಹೆಚ್ಚುವರಿಯ ಭಾರವನ್ನು ಮತ್ತೆ ಗೆದ್ದವನ ಮೇಲೆಯೇ ಹಾಕಿದರು. ದೈಹಿಕ ಗಾಯದ ಮೊಕದ್ದಮೆಗಳಲ್ಲಿ ಅದು ಪರಿಹಾರದ ಕಾಲು ಭಾಗವನ್ನು ಮೀರಬಾರದೆಂಬ ಮಿತಿಯೂ ಬಂತು. ಅದೇ ವರ್ಷ ಅಮೆರಿಕದ ಮಾದರಿಯ ಪಾಲಿನ ಕರಾರಿಗೂ ಸಾಮಾನ್ಯ ವ್ಯಾಜ್ಯಗಳಲ್ಲಿ ಅನುಮತಿ ದೊರೆಯಿತು. ಕೆನಡಿ ಸತ್ತು ಒಂದೂವರೆ ಶತಮಾನವಾಗುತ್ತ ಬಂದಿತ್ತು.

ನಮ್ಮ ದೇಶದ ಕಥೆ ವಿಚಿತ್ರ. 1793ರಲ್ಲಿ ಕಾರ್ನ್‌ವಾಲಿಸನ ಕಾಲದ ಬಂಗಾಳದ ನಿಯಮಗಳು ವಕೀಲರ ಫೀಸನ್ನು ದಾವೆಯ ಮೌಲ್ಯದ ಮೇಲೆ ಇಂತಿಷ್ಟೆಂದು ಗೊತ್ತುಪಡಿಸಿದ್ದವು. ಇಂದಿಗೂ ಡಿಕ್ರಿಯ ಕೊನೆಯಲ್ಲಿ ವಕೀಲರ ಫೀಸು ಎಂದು ಕಾಣಿಸುವ ಮೊತ್ತಕ್ಕೂ ಕಕ್ಷಿದಾರ ನಿಜವಾಗಿ ಎಣಿಸಿದ ಹಣಕ್ಕೂ ಯಾವ ತಾಳಮೇಳವೂ ಇರುವುದಿಲ್ಲವೆಂಬುದು ಕೋರ್ಟು ಕಂಡವರಿಗೆಲ್ಲ ಗೊತ್ತು. ಇನ್ನು ಚಾಂಪರ್ಟಿಯ ವಿಷಯ. ಬ್ರಿಟಿಷರು ತಮ್ಮ ಬಹಳಷ್ಟು ಕಾನೂನನ್ನು ನಮ್ಮ ಮೇಲೆ ಹೇರಿದರೂ ಇದನ್ನು ಹೇರಲಿಲ್ಲ. 1876ರಲ್ಲಿ ರಾಮ್‌ಕುಮಾರ್ ಕುಂಡು ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ಈ ಮಾತು ಸ್ಪಷ್ಟಪಡಿಸಿತು. ನ್ಯಾಯವಾದ ಹಕ್ಕಿದ್ದೂ ಹಣವಿಲ್ಲದವನಿಗೆ ಇನ್ನೊಬ್ಬ ಹಣ ಕೊಟ್ಟು ಪಾಲು ಕೇಳುವುದು ಇಲ್ಲಿ ತಾನಾಗಿ ಅಕ್ರಮವಲ್ಲ. ಸುಲಿಗೆಯಾದರೆ, ಜೂಜಾದರೆ ಮಾತ್ರ ಮಾನ್ಯವಲ್ಲ. ಇಂಗ್ಲೆಂಡಿನಲ್ಲಿ ಅಪರಾಧವಾಗಿದ್ದದ್ದು ಕಲ್ಕತ್ತೆಯಲ್ಲಿ ಅಪರಾಧವಾಗಿರಲಿಲ್ಲ!

ವಕೀಲನಿಗೆ ಮಾತ್ರ ಈ ರಿಯಾಯಿತಿ ಇಲ್ಲ. 1954ರಲ್ಲಿ ‘ಜಿ’ ಎಂಬ ಅಕ್ಷರದಿಂದಷ್ಟೇ ದಾಖಲೆಗಳಲ್ಲಿ ಗುರುತಿಸಲಾದ ಒಬ್ಬ ಹಿರಿಯ ಅಡ್ವೊಕೇಟರ ಪ್ರಕರಣ ಸುಪ್ರೀಂ ಕೋರ್ಟಿನ ಮುಂದೆ ಬಂತು. ವಸೂಲಾದ ಹಣದಲ್ಲಿ ಅರ್ಧ ತಮಗೆ ಎಂದು ಅವರು ಕಕ್ಷಿದಾರನೊಡನೆ ಕರಾರು ಮಾಡಿಕೊಂಡಿದ್ದರು. ಹೊರಗಿನವನು ಇದೇ ಕರಾರು ಮಾಡಿಕೊಂಡಿದ್ದರೆ ಆಕ್ಷೇಪವಿಲ್ಲ, ಆದರೆ ವಕೀಲ ಮಾಡಿಕೊಂಡರೆ ವೃತ್ತಿಗೆ ಸಲ್ಲದ ನಡತೆ ಎಂದು ನ್ಯಾಯಾಲಯ ಹೇಳಿತು. ಭಾರತೀಯ ವಕೀಲರ ಪರಿಷತ್ತಿನ ನಿಯಮಾವಳಿಯ 20ನೆಯ ನಿಯಮ ಹೇಳುವುದೂ ಇದನ್ನೇ. ತರ್ಕ ಸರಳ. ವಕೀಲ ನ್ಯಾಯಾಲಯದ ಅಧಿಕಾರಿಯೂ ಹೌದು. ಫಲಿತಾಂಶದಲ್ಲಿ ಅವನಿಗೇ ಪಾಲಿದ್ದರೆ ಅವನೂ ಒಬ್ಬ ಕಕ್ಷಿದಾರನಾದಂತೆ. ಸಾಕ್ಷಿಗೆ ಹೇಳಿಕೊಡಲು, ದಾಖಲೆ ಮುಚ್ಚಿಡಲು ಪ್ರಲೋಭನೆ ಹೆಚ್ಚುತ್ತದೆ. ಗಂಟೆಗೆ ಇಷ್ಟೆಂದು ಫೀಸು ಪಡೆಯುವವನಿಗೆ ಮೊಕದ್ದಮೆ ಎಳೆಯುವ ಪ್ರಲೋಭನೆ ಇಲ್ಲವೇ ಎಂಬ ಮರುಪ್ರಶ್ನೆ ಮಾತ್ರ ಹಾಗೆಯೇ ಉಳಿಯುತ್ತದೆ.

ಈ ಎರಡು ಲೋಕಗಳು ಮುಖಾಮುಖಿಯಾದದ್ದು ಭೋಪಾಲದಲ್ಲಿ. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ವಿಷಾನಿಲಕ್ಕೆ ಸಾವಿರಾರು ಜನ ಬಲಿಯಾದರು. ಕೆಲವೇ ದಿನಗಳಲ್ಲಿ ಅಮೆರಿಕದ ವಕೀಲರು ಬಂದಿಳಿದರು. ಗುಡಿಸಲು ಗುಡಿಸಲಿಗೆ ಅವರ ಕಡೆಯವರು ಹೋಗಿ ವಕಾಲತ್ತಿಗೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಫೀಸು ಬೇಡ, ಗೆದ್ದರೆ ಪಾಲು. ಅಮೆರಿಕದ ಫೆಡರಲ್ ಕೋರ್ಟುಗಳಲ್ಲಿ ಹೂಡಿದ ಅಂಥ ದಾವೆಗಳು 145ರಷ್ಟಾದವು. ನಮ್ಮ ಪತ್ರಿಕೆಗಳು ಅವರನ್ನು ರಣಹದ್ದುಗಳೆಂದವು. ಭಾರತ ಸರ್ಕಾರ 1985ರಲ್ಲಿ ಕಾಯಿದೆ ತಂದು ಸಂತ್ರಸ್ತರೆಲ್ಲರ ಪರವಾಗಿ ವ್ಯಾಜ್ಯ ನಡೆಸುವ ಹಕ್ಕನ್ನು ತಾನೇ ವಹಿಸಿಕೊಂಡಿತು. 1986ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶ ಜಾನ್ ಕೀನನ್ ಈ ವ್ಯಾಜ್ಯದ ಸರಿಯಾದ ಸ್ಥಳ ಭಾರತವೇ ಎಂದು ಹೇಳಿ ಎಲ್ಲ ದಾವೆಗಳನ್ನೂ ಹಿಂದಕ್ಕೆ ಕಳಿಸಿದರು. 1989ರಲ್ಲಿ 47 ಕೋಟಿ ಡಾಲರಿಗೆ ಇತ್ಯರ್ಥವಾಯಿತು. ಆ ಇತ್ಯರ್ಥದ ಮರುಪರಿಶೀಲನೆ ನಡೆದು 1991ರಲ್ಲಿ ಬಂದ ಬಹುಮತದ ತೀರ್ಪನ್ನು ಬರೆದವರು ಕನ್ನಡಿಗರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರು, ಹಣದ ಇತ್ಯರ್ಥ ಉಳಿಯಿತು, ಕ್ರಿಮಿನಲ್ ಮೊಕದ್ದಮೆಗಳನ್ನು ಕೈಬಿಟ್ಟ ಭಾಗ ರದ್ದಾಯಿತು. ರಣಹದ್ದುಗಳ ಕೈಯಲ್ಲಿ ಬಿಟ್ಟಿದ್ದರೆ ಭೋಪಾಲದ ಹೆಂಗಸೊಬ್ಬಳಿಗೆ ಹೆಚ್ಚು ಸಿಗುತ್ತಿತ್ತೇ, ಏನೂ ಸಿಗದೆ ಹೋಗುತ್ತಿತ್ತೇ? ಕೀನನ್ ತೀರ್ಪಿನ ದಾರಿ ನೋಡಿದರೆ ಎರಡನೆಯದಕ್ಕೇ ಸಂಭವ ಹೆಚ್ಚು. ಆದರೆ ಸಾಲಿನಲ್ಲಿ ವರ್ಷಗಟ್ಟಲೆ ನಿಂತು ಪುಡಿಗಾಸು ಪಡೆದವರಿಗೆ ಇದನ್ನು ಹೇಳಿ ಒಪ್ಪಿಸುವುದು ಕಷ್ಟ.

ನಿಯಮ ಇಷ್ಟು ಖಚಿತವಾಗಿದ್ದರೂ ನಮ್ಮ ಮೋಟಾರು ಅಪಘಾತ ಪರಿಹಾರದ ಮೊಕದ್ದಮೆಗಳಲ್ಲಿ ಪಾಲಿನ ಮಾತು ನಡೆಯುತ್ತದೆಂಬುದು ಗುಟ್ಟೇನಲ್ಲ. ನಿಷೇಧವಿರುವುದರಿಂದ ಬರೆವಣಿಗೆ ಇಲ್ಲ. ಬರೆವಣಿಗೆ ಇಲ್ಲದ್ದರಿಂದ ಮಿತಿಯೂ ಇಲ್ಲ. ತೆಲಂಗಾಣದ ಒಬ್ಬ ವಿಧವೆಯ ಪ್ರಕರಣದಲ್ಲಿ ಇದು ಹೊರಬಿತ್ತು. 1998ರಲ್ಲಿ ಗಂಡ ಅಪಘಾತದಲ್ಲಿ ತೀರಿಕೊಂಡಿದ್ದ. ಪರಿಹಾರ ಬಂತು. ವಕೀಲನಿಗೆ 10 ಲಕ್ಷ ರೂಪಾಯಿ ಕೊಟ್ಟ ಮೇಲೂ, ಖಾತೆಯಲ್ಲಿ ಹಣವಿಲ್ಲವೆಂದರೂ ಕೇಳದೆ, ಇನ್ನೂ 3 ಲಕ್ಷದ ಚೆಕ್ಕನ್ನು ಒತ್ತಾಯದಿಂದ ಬರೆಸಿಕೊಂಡರೆಂಬುದು ಆಕೆಯ ದೂರು. ಚೆಕ್ಕು ವಾಪಸಾಯಿತು. ವಕೀಲ ಆಕೆಯ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಿದ. 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಮೊಕದ್ದಮೆಯನ್ನು ರದ್ದುಮಾಡಿ, ಪರಿಹಾರದಲ್ಲಿ ಶೇಕಡಾವಾರು ಫೀಸು ಕೇಳುವುದು ಸಾರ್ವಜನಿಕ ನೀತಿಗೇ ವಿರುದ್ಧವೆಂದಿತು. ವಕೀಲರ ಫೀಸಿಗೆ ಒಂದು ಕಾನೂನು ಬೇಕೆಂಬ 1988ರ ಕಾನೂನು ಆಯೋಗದ ವರದಿಯನ್ನೂ ಸರ್ಕಾರಕ್ಕೆ ನೆನಪಿಸಿತು. ಬಡವರಿಗೆ ಉಚಿತ ಕಾನೂನು ನೆರವಿನ ಕಾಯಿದೆ 1987ರಲ್ಲಿ ಬಂದು 1995ರಿಂದ ಜಾರಿಯಲ್ಲಿದೆ, ಹೆಂಗಸರಿಗೆ ಆದಾಯದ ಮಿತಿಯೂ ಇಲ್ಲ. ಆದರೂ ಅಪಘಾತವಾದ ಮನೆಯವರು ಆಸ್ಪತ್ರೆಯ ಬಾಗಿಲಲ್ಲಿ ಮೊದಲು ಕಾಣುವುದು ಕಾನೂನು ನೆರವು ಪ್ರಾಧಿಕಾರದ ಫಲಕವನ್ನಲ್ಲ.

2018ರಲ್ಲಿ ವಿದೇಶಿ ವಕೀಲರ ಸಂಸ್ಥೆಗಳು ಭಾರತದಲ್ಲಿ ವೃತ್ತಿ ನಡೆಸಬಹುದೇ ಎಂಬ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೋಗುವ ದಾರಿಯಲ್ಲಿ ಒಂದು ಮಾತು ಹೇಳಿತು: ವಕೀಲರಲ್ಲದ ಮೂರನೆಯವರು ವ್ಯಾಜ್ಯಕ್ಕೆ ಹಣ ಹೂಡಿ, ಫಲಿತಾಂಶ ಬಂದ ಮೇಲೆ ವಾಪಸು ಪಡೆಯಲು ಅಡ್ಡಿಯಿಲ್ಲ. 1876ರ ಪ್ರಿವಿ ಕೌನ್ಸಿಲಿನ ಮಾತೇ ಮತ್ತೊಮ್ಮೆ ಬಂತು. ಅಂದಿನಿಂದ ವಿದೇಶಗಳಲ್ಲಿ ವ್ಯಾಜ್ಯಗಳಿಗೆ ಬಂಡವಾಳ ಹಾಕುವ ಕಂಪನಿಗಳ ಕಣ್ಣು ಇತ್ತ ಬಿದ್ದಿದೆ. ಅವು ನೋಡುತ್ತಿರುವುದು ದೊಡ್ಡ ಕಂಪನಿಗಳ ನಡುವಿನ ಕೋಟಿಗಟ್ಟಲೆ ರೂಪಾಯಿಯ ಮಧ್ಯಸ್ಥಿಕೆ ವ್ಯಾಜ್ಯಗಳನ್ನು. ಲಾರಿಗೆ ಸಿಕ್ಕು ಸತ್ತ ಕೂಲಿಯ ಹೆಂಡತಿಯ ಅರ್ಜಿಯನ್ನಲ್ಲ.